ಯುದ್ಧದ ಹಡಗಿಗೂ ಒಂದು ಗ್ಯಾರೇಜು ಬೇಕು

ಡಿಸೆಂಬರ್ 4 ನೌಕಾಪಡೆಯ ದಿನ. ಅದರ ನೆನಪಿಗೆ ನಮ್ಮ ಕಾಲೇಜಿನಲ್ಲಿ ನಡೆದ ಭಾಷಣ ಸ್ಪರ್ಧೆಗೆ ನಾನೂ ಹೆಸರು ಕೊಟ್ಟಿದ್ದೆ. ನನಗಿಂತ ಮುಂಚೆ ಆರು ಜನ ಮಾತಾಡಿದರು. ನಾಲ್ವರು 1971ರಲ್ಲಿ ಕರಾಚಿ ಬಂದರಿನ ಮೇಲೆ ನಡೆದ ದಾಳಿಯ ಬಗ್ಗೆ, ಇಬ್ಬರು ವಿಕ್ರಾಂತ್ ಬಗ್ಗೆ. ನನ್ನ ಸರದಿ ಬಂದಾಗ, "ನಾನು ದುರಸ್ತಿ ಹಡಗುಗಳ ಬಗ್ಗೆ, ಅಂದರೆ ಸಮುದ್ರದ ಗ್ಯಾರೇಜುಗಳ ಬಗ್ಗೆ ಹೇಳುತ್ತೇನೆ" ಎಂದು ಶುರು ಮಾಡಿದೆ. ಹಿಂದಿನ ಬೆಂಚಿನಿಂದ ಯಾರೋ "ಪಂಕ್ಚರ್ ಹಾಕ್ತಾರಾ?" ಅಂದರು. ಇಡೀ ಸಭಾಂಗಣ ನಕ್ಕಿತು. ಸತ್ಯ ಹೇಳಬೇಕೆಂದರೆ ನಾನೂ ನಕ್ಕೆ.

ಸಂಜೆ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಕೂತಾಗ ಆ ನಗು ನೆನಪಾಗಿ ಬೇಸರವಾಯಿತು. "ಪಂಕ್ಚರ್ ಹಾಕುವವರು" ಅನ್ನುವ ಮಾತನ್ನು ನಮ್ಮ ಸಮುದಾಯದ ಬಗ್ಗೆ ಬೇರೆಯವರು ಹೇಳಿದರೆ ನಮಗೆ ಸಿಟ್ಟು ಬರುತ್ತದೆ. ಮೊಬೈಲಿನಲ್ಲಿ ಅಂಥದ್ದನ್ನು ನೋಡಿದರೆ ಉತ್ತರ ಬರೆಯುತ್ತೇವೆ. ಆದರೆ ನಮ್ಮದೇ ಕಾಲೇಜಿನಲ್ಲಿ, ನಮ್ಮದೇ ಬಾಯಲ್ಲಿ ಅದೇ ಮಾತು ತಮಾಷೆಯಾಗಿ ಬರುತ್ತದೆ. ಆ ಸಭಾಂಗಣದಲ್ಲಿ ನಕ್ಕವರಲ್ಲಿ ಎಷ್ಟು ಜನರ ತಂದೆ, ಮಾಮು, ಚಾಚಾ ಗ್ಯಾರೇಜಿನಲ್ಲಿ, ವೆಲ್ಡಿಂಗ್ ಶಾಪಿನಲ್ಲಿ, ಲೇತ್ ಮುಂದೆ ದುಡಿಯುತ್ತಾರೋ! ನನ್ನ ಅಬ್ಬಾ ಅಂತೂ ಇಪ್ಪತ್ತೆರಡು ವರ್ಷದಿಂದ ಗುಂಡ್ಲುಪೇಟೆಯಲ್ಲಿ ಲಾರಿ ಮೆಕ್ಯಾನಿಕ್.

ಸ್ಪರ್ಧೆಯಲ್ಲಿ ನನಗೆ ಸಿಕ್ಕಿದ್ದು ಮೂರು ನಿಮಿಷ. ಅಷ್ಟರಲ್ಲಿ ಹೇಳಲಾಗದ್ದನ್ನು ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಗೆಳೆಯರು, ಗೆಳತಿಯರು ಕೊನೆಯವರೆಗೂ ಓದಬೇಕೆಂದು ಕೋರಿಕೆ.

ಮೊದಲು ಹಡಗಿನ ವಿಷಯ. ಯುದ್ಧ ಹಡಗು ಒಮ್ಮೆ ಬಂದರು ಬಿಟ್ಟರೆ ತಿಂಗಳುಗಟ್ಟಲೆ ಸಮುದ್ರದಲ್ಲೇ ಇರಬೇಕಾಗಬಹುದು. ಅಷ್ಟರಲ್ಲಿ ಎಂಜಿನ್ನಿನ ಬೇರಿಂಗ್ ಸವೆಯುತ್ತದೆ, ಪೈಪು ಒಡೆಯುತ್ತದೆ, ವೈರಿಂಗ್ ಸುಡುತ್ತದೆ. ಬಾಂಬು, ಟಾರ್ಪಿಡೊ ಬಿದ್ದರೆ ಹಡಗಿನ ಮೈಯೇ ತೂತಾಗುತ್ತದೆ. ದುರಸ್ತಿ ಮಾಡುವ ದೊಡ್ಡ ಯಾರ್ಡು ಇರುವುದು ಸಾವಿರಾರು ಕಿಲೋಮೀಟರ್ ಹಿಂದೆ. ಅಲ್ಲಿಗೆ ಹೋಗಿ ಬರಲು ವಾರಗಳು ಬೇಕು. ಅಷ್ಟು ದಿನ ಆ ಹಡಗು ಲೆಕ್ಕಕ್ಕಿಲ್ಲ. ಅದಕ್ಕಾಗಿ ನೌಕಾಪಡೆಗಳು ಕಂಡುಕೊಂಡ ಉಪಾಯ ಸರಳವಾದದ್ದು: ಹಡಗು ಯಾರ್ಡಿಗೆ ಹೋಗುವ ಬದಲು ಯಾರ್ಡೇ ಹಡಗಿನ ಹತ್ತಿರ ಬರಲಿ. ಹೀಗೆ ಬರುವುದೇ ದುರಸ್ತಿ ಹಡಗು. ಅಲೆಗಳ ಅಬ್ಬರವಿಲ್ಲದ ಒಂದು ಕೊಲ್ಲಿಯಲ್ಲಿ ಲಂಗರು ಹಾಕಿ ಅದು ನಿಲ್ಲುತ್ತದೆ. ಕೆಟ್ಟ ಹಡಗು ಬಂದು ಅದರ ಪಕ್ಕಕ್ಕೆ ಹಗ್ಗ ಕಟ್ಟಿಕೊಳ್ಳುತ್ತದೆ. ಕೆಲಸಗಾರರು ಉಪಕರಣ ಹಿಡಿದು ಆ ಕಡೆ ದಾಟುತ್ತಾರೆ.

ಅದರ ಒಳಗೆ ಏನಿರುತ್ತದೆ ಎಂದು ಓದಿದಾಗ ನನಗೆ ನಮ್ಮೂರಿನ ಹೆದ್ದಾರಿ ಬದಿಯ ಅಂಗಡಿಸಾಲೇ ಕಣ್ಣಮುಂದೆ ಬಂತು. ಲೇತ್ ಯಂತ್ರಗಳು, ಕಮ್ಮಾರಿಕೆಯ ಕುಲುಮೆ, ಲೋಹ ಕರಗಿಸಿ ಎರಕ ಹೊಯ್ಯುವ ಜಾಗ, ವೆಲ್ಡಿಂಗ್ ವಿಭಾಗ, ಬಡಗಿಗಳ ಕೋಣೆ, ಪೈಪ್ ಕೆಲಸದವರು, ಎಲೆಕ್ಟ್ರಿಷಿಯನ್‌ಗಳು, ದೂರದರ್ಶಕದಂಥ ಸೂಕ್ಷ್ಮ ಉಪಕರಣ ಸರಿಮಾಡುವವರು, ಬಿಡಿಭಾಗಗಳ ಉಗ್ರಾಣ, ನೀರಿನಡಿ ಇಳಿದು ಕೆಲಸ ಮಾಡುವ ಮುಳುಗುಗಾರರು, ಉಪ್ಪು ನೀರನ್ನು ಸಿಹಿನೀರು ಮಾಡುವ ಯಂತ್ರ. ಬೇಕಾದ ಬಿಡಿಭಾಗ ಉಗ್ರಾಣದಲ್ಲಿ ಇಲ್ಲದಿದ್ದರೆ ಮರದಲ್ಲಿ ಅದರ ಅಚ್ಚು ಮಾಡಿ, ಎರಕ ಹೊಯ್ದು, ಲೇತಿನಲ್ಲಿ ಕಡೆದು ಅಲ್ಲೇ ತಯಾರಿಸಿಕೊಳ್ಳುತ್ತಿದ್ದರು.

ಇಂಥ ಹಡಗುಗಳಲ್ಲಿ ಬಹಳಷ್ಟು ಹುಟ್ಟುವಾಗ ದುರಸ್ತಿ ಹಡಗುಗಳಾಗಿರಲಿಲ್ಲ. ಅವು ಸರಕು ಹೊರುವ ಹಡಗುಗಳು. ಯುದ್ಧ ಬಂದಾಗ ಹೊಸದಾಗಿ ಕಟ್ಟಲು ಪುರುಸೊತ್ತು ಇರುವುದಿಲ್ಲ. ಆದರೆ ಸರಕು ಹಡಗಿನಲ್ಲಿ ದುರಸ್ತಿಗೆ ಬೇಕಾದ ಮೂಲಗುಣಗಳೆಲ್ಲ ಮೊದಲೇ ಇವೆ. ಹೊಟ್ಟೆಯಲ್ಲಿ ದೊಡ್ಡ ಖಾಲಿ ಜಾಗ ಇದೆ. ಅಲ್ಲಿ ಅಂತಸ್ತು ಹಾಕಿ ಕಾರ್ಯಾಗಾರ ಮಾಡಬಹುದು. ಭಾರದ ಯಂತ್ರ ಇಳಿಸಲು ಅಗಲವಾದ ಬಾಯಿ ಇದೆ. ಎತ್ತಿ ಇಳಿಸಲು ಕ್ರೇನುಗಳಿವೆ. ಭಾರ ತಡೆಯುವ ಮೈಕಟ್ಟು ಇದೆ. ವೇಗ ಮಾತ್ರ ಇಲ್ಲ. ಆದರೆ ನಿಂತಲ್ಲೇ ನಿಂತು ಕೆಲಸ ಮಾಡುವ ಹಡಗಿಗೆ ವೇಗ ಅಷ್ಟು ಮುಖ್ಯವಲ್ಲ.

ಒಂದು ಉದಾಹರಣೆ ಅಮೆರಿಕದ ವೆಸ್ಟಲ್. 1909ರಲ್ಲಿ ಕೆಲಸ ಆರಂಭಿಸಿದಾಗ ಅದು ಬೇರೆ ಯುದ್ಧ ಹಡಗುಗಳಿಗೆ ಕಲ್ಲಿದ್ದಲು ಹೊತ್ತು ಹಾಕುವ ಹಡಗು. ಎಲ್ಲಕ್ಕಿಂತ ಕೊಳೆಯ ಕೆಲಸ ಎನ್ನಬಹುದು. 1913ರ ಹೊತ್ತಿಗೆ ಅದನ್ನು ದುರಸ್ತಿ ಹಡಗಾಗಿ ಬದಲಾಯಿಸಿದರು. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದಾಗ ವೆಸ್ಟಲ್ ನಿಂತಿದ್ದು ಅರಿಜೋನಾ ಎಂಬ ದೊಡ್ಡ ಯುದ್ಧನೌಕೆಯ ಪಕ್ಕದಲ್ಲೇ. ವೆಸ್ಟಲ್ ಮೇಲೆ ಎರಡು ಬಾಂಬು ಬಿದ್ದವು. ಅರಿಜೋನಾ ಸಿಡಿದ ರಭಸಕ್ಕೆ ವೆಸ್ಟಲಿನ ಕ್ಯಾಪ್ಟನ್ ಕ್ಯಾಸಿನ್ ಯಂಗ್ ನೀರಿಗೆ ಎಸೆಯಲ್ಪಟ್ಟರು. ಅವರು ಎಣ್ಣೆ ಹತ್ತಿ ಉರಿಯುತ್ತಿದ್ದ ನೀರಿನಲ್ಲಿ ಈಜಿ ಮತ್ತೆ ತಮ್ಮ ಹಡಗಿಗೆ ಹತ್ತಿದರು, ಹಡಗು ಬಿಟ್ಟು ಹೊರಟಿದ್ದವರನ್ನು ತಡೆದರು, ಹಡಗನ್ನು ಅಲ್ಲಿಂದ ಸರಿಸಿ ಆಳವಿಲ್ಲದ ಕಡೆ ನೆಲ ಕಚ್ಚಿಸಿ ಉಳಿಸಿದರು. ಯಾರ್ಡಿನಲ್ಲಿ ಜಾಗ ಇರಲಿಲ್ಲ. ಹಾಗಾಗಿ ವೆಸ್ಟಲಿನ ಕೆಲಸಗಾರರು ತಮ್ಮ ಹಡಗನ್ನು ತಾವೇ ರಿಪೇರಿ ಮಾಡಿಕೊಂಡರು.

ಮರುವರ್ಷ ಅದೇ ಹಡಗು ದಕ್ಷಿಣ ಪೆಸಿಫಿಕ್‌ಗೆ ಹೋಯಿತು. ಇವತ್ತಿನ ವನುವಾಟು ದೇಶದ ಎಸ್ಪಿರಿಟು ಸ್ಯಾಂಟೊ ದ್ವೀಪದಲ್ಲಿ ಸುಮಾರು ಒಂದು ವರ್ಷ ನಿಂತಿತು. ಆ ಹನ್ನೆರಡು ತಿಂಗಳಲ್ಲಿ ಅದರ ಜನ 279 ಹಡಗುಗಳ ಮತ್ತು ದಡದ ಮೇಲಿನ 24 ನೆಲೆಗಳ ಒಟ್ಟು 5,603 ಕೆಲಸ ಮುಗಿಸಿದರು. ಭಾಗಿಸಿ ನೋಡಿದೆ: ದಿನಕ್ಕೆ ಹದಿನೈದು ಕೆಲಸ, ಒಂದು ದಿನವೂ ರಜೆ ಇಲ್ಲದೆ. ಆ 279 ಹಡಗುಗಳಲ್ಲಿ ಎಷ್ಟೋ ಹಡಗುಗಳ ಹೆಸರು ಇತಿಹಾಸದ ಪುಸ್ತಕದಲ್ಲಿವೆ. ವೆಸ್ಟಲಿನ ಹೆಸರನ್ನು ನಮ್ಮಲ್ಲಿ ಯಾರು ಕೇಳಿದ್ದೇವೆ?

ಅದೇ ಸಮುದ್ರದಲ್ಲಿ ನಡೆದ ಇನ್ನೊಂದು ಘಟನೆ ಕೇಳಿ. 1942ರ ನವೆಂಬರ್ 30ರ ರಾತ್ರಿ ನ್ಯೂ ಓರ್ಲಿಯನ್ಸ್ ಎಂಬ ಹಡಗಿಗೆ ಟಾರ್ಪಿಡೊ ಬಡಿದು ಮೂತಿಯ ಕಡೆಯ ಸುಮಾರು 150 ಅಡಿ ಭಾಗ ಕಿತ್ತುಹೋಯಿತು. ತುಲಾಗಿ ದ್ವೀಪದ ಬಳಿ ನಿಲ್ಲಿಸಿ, ಅಲ್ಲಿ ಸಿಕ್ಕ ತೆಂಗಿನಮರದ ದಿಮ್ಮಿಗಳನ್ನೇ ಕಟ್ಟಿ ಒಂದು ತಾತ್ಕಾಲಿಕ ಮೂತಿ ಮಾಡಿದರು. ಆಮೇಲೆ ಹಡಗನ್ನು ಹಿಮ್ಮುಖವಾಗಿ ನಡೆಸಿಕೊಂಡು ಆಸ್ಟ್ರೇಲಿಯಾದ ಸಿಡ್ನಿ ಮುಟ್ಟಿಸಿದರು. ಇದನ್ನು ಅಬ್ಬಾಗೆ ಹೇಳಿದಾಗ ಅವರು ಆಶ್ಚರ್ಯಪಡಲೇ ಇಲ್ಲ. "ಊರು ಮುಟ್ಟೋವಷ್ಟು ಮಾಡಿಕೊಟ್ಟರೆ ಸಾಕು. ಮಿಕ್ಕಿದ್ದು ಅಲ್ಲಿಗೆ ಹೋದ ಮೇಲೆ ನೋಡ್ಕೋತಾರೆ" ಅಂದರು. ದಾರಿಯಲ್ಲಿ ಕೆಟ್ಟು ನಿಂತ ಲಾರಿಗೆ ಅವರು ಮಾಡುವುದೂ ಅದನ್ನೇ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಲಿಬರ್ಟಿ ಎಂಬ ಒಂದೇ ಮಾದರಿಯ ಸರಕು ಹಡಗುಗಳನ್ನು 2,700ಕ್ಕೂ ಹೆಚ್ಚು ಕಟ್ಟಿತು. ಅವುಗಳಲ್ಲಿ ಕೆಲವನ್ನು ದುರಸ್ತಿ ಹಡಗುಗಳಾಗಿ ಮಾಡಿದರು. ಆರು ಹಡಗುಗಳನ್ನಂತೂ ಯುದ್ಧ ವಿಮಾನಗಳನ್ನು ರಿಪೇರಿ ಮಾಡುವ ತೇಲುವ ಕಾರ್ಯಾಗಾರಗಳಾಗಿಯೇ ಬದಲಾಯಿಸಿದರು. ಜಪಾನ್ ಬಳಿ ದುರಸ್ತಿಗೆಂದೇ ಕಟ್ಟಿದ ಅಕಾಶಿ ಎಂಬ ಹಡಗಿತ್ತು. 1944ರ ಮಾರ್ಚ್ ಕೊನೆಯಲ್ಲಿ ಪಲಾವು ದ್ವೀಪದಲ್ಲಿ ಅಮೆರಿಕದ ವಿಮಾನಗಳು ಅದನ್ನು ಮುಳುಗಿಸಿದವು. ದುರಸ್ತಿಯ ಬೆಲೆ ಶತ್ರುವಿಗೂ ಗೊತ್ತಿತ್ತು.

ನಾನು ಯುದ್ಧವನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಈ ಹಡಗುಗಳಲ್ಲೂ ಜನ ಸತ್ತಿದ್ದಾರೆ, ಇವು ಸರಿಮಾಡಿ ಕಳಿಸಿದ ಹಡಗುಗಳಿಂದಲೂ ಜನ ಸತ್ತಿದ್ದಾರೆ. ನನ್ನ ಮಾತು ಇಷ್ಟೇ: ಕೆಲಸದ ಬೆಲೆ ನಿಜವಾಗಿ ತಿಳಿಯುವುದು ಕಷ್ಟ ಬಂದಾಗ.

ಇದೆಲ್ಲ ದೂರದ ಸಮುದ್ರದ ಕಥೆ ಅನ್ನಿಸಬಹುದು. ನಮ್ಮ ದೇಶಕ್ಕೆ, ನಮ್ಮ ರಾಜ್ಯದ ದಡಕ್ಕೇ ಬರೋಣ. ಭಾರತದ ನೌಕಾಪಡೆಗೂ ಇಂಥ ಒಂದು ಹಡಗು ಇತ್ತು. ಹೆಸರು ಐಎನ್‌ಎಸ್ ಧಾರಿಣಿ. ಅದು ಮೊದಲು ಸರಕು ಹಡಗು. ಅದನ್ನು ದುರಸ್ತಿ ಮತ್ತು ಉಗ್ರಾಣದ ಹಡಗಾಗಿ ಮಾಡಿ 1960ರಲ್ಲಿ ನೌಕಾಪಡೆಗೆ ಸೇರಿಸಿಕೊಂಡರು. ಮರುವರ್ಷವೇ, 1961ರ ಡಿಸೆಂಬರ್ 18 ಮತ್ತು 19ರಂದು, ಪೋರ್ಚುಗೀಸರ ಕೈಯಿಂದ ಗೋವಾ ಬಿಡಿಸಿಕೊಳ್ಳುವ ಆಪರೇಷನ್ ವಿಜಯ್ ನಡೆಯಿತು. ಅದಕ್ಕೆ ನೌಕಾಪಡೆ ತನ್ನ ಹಡಗುಗಳನ್ನು ನಾಲ್ಕು ಗುಂಪು ಮಾಡಿಕೊಂಡಿತ್ತು. ಮುಂದೆ ನಿಂತು ಕಾದಾಡುವ ಗುಂಪಿನಲ್ಲಿ ನಮ್ಮ ಹೆಸರಿನದೇ ಆದ ಐಎನ್‌ಎಸ್ ಮೈಸೂರು, ಅದರ ಜೊತೆ ತ್ರಿಶೂಲ್, ಬೇತ್ವಾ, ಬಿಯಾಸ್, ಕಾವೇರಿ. ಎರಡನೆಯದು ವಿಮಾನವಾಹಕ ವಿಕ್ರಾಂತ್ ಇದ್ದ ಗುಂಪು. ಮೂರನೆಯದು ಸಮುದ್ರದ ಸಿಡಿಗುಂಡುಗಳನ್ನು ತೆಗೆಯುವ ಗುಂಪು. ಅದರಲ್ಲಿ ಐಎನ್‌ಎಸ್ ಕಾರವಾರ ಕೂಡ ಇತ್ತು. ನಾಲ್ಕನೆಯದು ಬೆಂಬಲದ ಗುಂಪು. ಆ ಗುಂಪಿನಲ್ಲಿ ಇದ್ದದ್ದು ಒಂದೇ ಹಡಗು, ಧಾರಿಣಿ.

ಕಾರವಾರದ ಎದುರಿಗೇ ಇರುವ ಅಂಜುದೀವ್ ದ್ವೀಪದಲ್ಲಿ ಇಳಿಯುವಾಗ ನಮ್ಮ ಏಳು ಜನ ನಾವಿಕರು ಪ್ರಾಣ ಕೊಟ್ಟರು. ಅವರನ್ನು ನೆನೆಯುವುದು ನಮ್ಮ ಕರ್ತವ್ಯ. ಮೈಸೂರು, ತ್ರಿಶೂಲ್, ವಿಕ್ರಾಂತ್ ಹೆಸರನ್ನೂ ಹೇಳೋಣ. ಆದರೆ ನಾಲ್ಕು ಗುಂಪು ಎಂದು ಎಣಿಸುವಾಗ ನಾಲ್ಕನೆಯದನ್ನು ಬಿಟ್ಟು ಮೂರಕ್ಕೇ ನಿಲ್ಲಿಸಬಾರದು. ನೌಕಾಪಡೆಯವರು ಹಾಗೆ ನಿಲ್ಲಿಸಲಿಲ್ಲ. ಯೋಜನೆ ಮಾಡುವಾಗಲೇ ಅದಕ್ಕೂ ಒಂದು ಗುಂಪಿನ ಸ್ಥಾನ ಕೊಟ್ಟರು. ಧಾರಿಣಿ ಅಂದರೆ ಹೊರುವವಳು. ಸರಕು ಹೊರುತ್ತಿದ್ದ ಹಡಗು ಆಮೇಲೆ ಬೇರೆ ಹಡಗುಗಳ ಜವಾಬ್ದಾರಿ ಹೊತ್ತಿತು.

ಈಗ ನಮ್ಮ ಗುಂಡ್ಲುಪೇಟೆಗೆ ಬನ್ನಿ. ನಮ್ಮೂರಿನಿಂದ ಒಂದು ರಸ್ತೆ ಊಟಿಗೆ, ಇನ್ನೊಂದು ಕೇರಳಕ್ಕೆ ಹೋಗುತ್ತದೆ. ಎರಡೂ ಬಂಡೀಪುರದ ಕಾಡು ದಾಟಬೇಕು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿಗಳನ್ನು ಬಿಡುವುದಿಲ್ಲ. ಪ್ರಾಣಿಗಳ ದೃಷ್ಟಿಯಿಂದ ಅದು ಸರಿಯೇ. ಆದರೆ ಒಂಬತ್ತರೊಳಗೆ ಗೇಟು ದಾಟದಿದ್ದರೆ ತರಕಾರಿ ಲಾರಿಯವರಿಗೆ ಒಂದು ರಾತ್ರಿ ಹೋಯಿತು ಎಂದೇ ಅರ್ಥ.

ಕಳೆದ ರಂಜಾನ್ ತಿಂಗಳಲ್ಲಿ ಒಂದು ದಿನ ನಾನು ಕಾಲೇಜಿನಿಂದ ಬಂದು ಬಸ್ಸಿಳಿದಾಗ ಅಬ್ಬಾರ ಗ್ಯಾರೇಜಿನ ಮುಂದೆ ತೆರಕಣಾಂಬಿ ಕಡೆಯಿಂದ ಟೊಮೊಟೊ ತುಂಬಿಕೊಂಡು ಬಂದ ಲಾರಿ ನಿಂತಿತ್ತು. ಕ್ಲಚ್ ಪ್ಲೇಟು ಸುಟ್ಟುಹೋಗಿತ್ತು. ಟೊಮೊಟೊ ಬೆಳೆದ ರೈತರೂ ಲಾರಿಯಲ್ಲೇ ಬಂದಿದ್ದರು. ವಯಸ್ಸಾದವರು. "ಸಾಬ್ರೇ, ಬೆಳಗಾಗೋದ್ರೊಳ್ಗೆ ಕಲ್ಲಿಕೋಟೆ ಸೇರ್ನಿಲ್ಲ ಅಂದ್ರೆ ಎಲ್ಲಾ ನೀರಾಯ್ತದೆ. ಹೆಂಗಾದ್ರೂ ಮಾಡಿ" ಅಂತ ಅಬ್ಬಾರ ಮುಂದೆ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಗೇರ್ ಬಾಕ್ಸ್ ಇಳಿಸಬೇಕು, ಹೊಸ ಪ್ಲೇಟು ತರಿಸಬೇಕು, ಮತ್ತೆ ಕೂರಿಸಬೇಕು. ಅಬ್ಬಾ ಗಡಿಯಾರ ನೋಡಿ "ನೋಡೋಣ" ಅಂದರು, ಅಷ್ಟೇ. ಬೆಳಗಿನಿಂದ ರೋಜಾ ಇದ್ದರು. ಮಗ್ರಿಬ್ ಅಜಾನ್ ಆದಾಗ ಲಾರಿ ಕೆಳಗಿನಿಂದಲೇ ಬಾಯಿ ತೆರೆದರು, ನನ್ನ ತಮ್ಮ ಖರ್ಜೂರ ಬಾಯಿಗಿಟ್ಟ. ಕೈಯೆಲ್ಲಾ ಗ್ರೀಸು. ಎಂಟೂಕಾಲಿಗೆ ಲಾರಿ ಸ್ಟಾರ್ಟ್ ಆಯಿತು. ಒಂಬತ್ತರೊಳಗೆ ಗೇಟು ದಾಟಿದೆವು ಎಂದು ಡ್ರೈವರ್ ಫೋನ್ ಮಾಡಿದ. ಆಮೇಲೆ ಅಬ್ಬಾ ಊಟಕ್ಕೆ ಕೂತರು.

ಆ ರಾತ್ರಿ ನನ್ನ ತಮ್ಮ ಒಂದು ಮಾತು ಹೇಳಿದ. ಅವನು ಈ ವರ್ಷ ಎಸ್‌ಎಸ್‌ಎಲ್‌ಸಿ. "ಅಬ್ಬಾ, ಪರೀಕ್ಷೆ ಮುಗಿದ ಮೇಲೆ ನಾನು ಓದಲ್ಲ. ನಿಮ್ಮ ಜೊತೆ ಗ್ಯಾರೇಜಿಗೆ ಬರ್ತೀನಿ" ಅಂದ. ಅಬ್ಬಾ ತುತ್ತು ಕೆಳಗಿಟ್ಟರು. "ಕೈ ಕರಿ ಆಗೋದು ನನ್ನ ತಲೆಗೇ ಮುಗೀಲಿ" ಅಂದರು. ಮನೆಯಲ್ಲಿ ಆಮೇಲೆ ಯಾರೂ ಮಾತಾಡಲಿಲ್ಲ.

ಅಂದಿನಿಂದ ಈ ಎರಡು ಮಾತುಗಳ ನಡುವೆ ನಾನು ಯೋಚಿಸುತ್ತಿದ್ದೇನೆ. ತಮ್ಮನದು ತಪ್ಪೋ, ಅಬ್ಬಾರದು ತಪ್ಪೋ? ನನ್ನ ಅಭಿಪ್ರಾಯದಲ್ಲಿ ಇಬ್ಬರದೂ ಅರ್ಧ ಸರಿ.

ಅಬ್ಬಾ ಎಂಟನೇ ತರಗತಿಗೆ ಓದು ಬಿಟ್ಟವರು. ಹದಿಮೂರನೇ ವಯಸ್ಸಿನಲ್ಲಿ ಒಬ್ಬ ಮಿಸ್ತ್ರಿ ಕೈಕೆಳಗೆ ಸೇರಿದರು. ಒಂದು ವರ್ಷ ಸಂಬಳ ಇರಲಿಲ್ಲ, ಊಟ ಮತ್ತು ಬೈಗುಳ ಇತ್ತು. ಒಮ್ಮೆ ಜಾಕಿ ಜಾರಿ ಎಡಗೈಯ ಎರಡು ಬೆರಳು ಜಜ್ಜಿಹೋದವು. ಅವು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ವಿಮೆ ಇಲ್ಲ, ಪಿಂಚಣಿ ಇಲ್ಲ, ಕಾಯಿಲೆ ಬಿದ್ದರೆ ಆ ದಿನದ ದುಡಿಮೆ ಇಲ್ಲ. ಇಂಥ ಬದುಕು ಮಗನಿಗೆ ಬೇಡ ಎಂದು ಅವರು ಹೇಳಿದರೆ ಅದನ್ನು ತಪ್ಪು ಎನ್ನಲು ನಾನು ಯಾರು? ದುರಸ್ತಿ ಕೆಲಸ ದೊಡ್ಡದು ಎಂದು ಹೊಗಳಿ, ಬಡವರ ಮಕ್ಕಳನ್ನು ಶಾಲೆ ಬಿಡಿಸಿ ಗ್ಯಾರೇಜಿಗೆ ಕಳಿಸುವ ಮಾತನ್ನು ನಾನು ಆಡುತ್ತಿಲ್ಲ. ದಯವಿಟ್ಟು ಯಾರೂ ಹಾಗೆ ಓದಿಕೊಳ್ಳಬೇಡಿ.

ಆದರೆ ಅಬ್ಬಾ ಒಂದು ಕಡೆ ತಪ್ಪಿದ್ದಾರೆ. ಅವರು ದೂರ ತಳ್ಳಬೇಕಾದ್ದು ಆ ಅಭದ್ರತೆಯನ್ನು, ಕೆಲಸವನ್ನಲ್ಲ. ತಮ್ಮನ ಕೈಯಲ್ಲಿ ಗುಣ ಇದೆ. ಎಂಜಿನ್ ಶಬ್ದ ಕೇಳಿಯೇ ಯಾವ ಕಡೆ ತೊಂದರೆ ಎಂದು ಹೇಳುತ್ತಾನೆ. ನಾನು ಭೌತಶಾಸ್ತ್ರದಲ್ಲಿ ಟಾರ್ಕ್ ಎಂದು ಸೂತ್ರ ಬರೆದು ಅಂಕ ಪಡೆಯುತ್ತೇನೆ. ಬೋಲ್ಟು ಎಷ್ಟು ಬಿಗಿ ಮಾಡಿದರೆ ಕೂರುತ್ತದೆ, ಎಷ್ಟಕ್ಕೆ ತುಂಡಾಗುತ್ತದೆ ಎಂಬುದು ಅವನ ಮಣಿಕಟ್ಟಿಗೆ ಗೊತ್ತು. ನನ್ನದು ಓದು, ಅವನದು ಪೋಲಿತನ ಎಂದು ಮನೆಯಲ್ಲಿ, ಶಾಲೆಯಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದೇವೆ. ಗ್ಯಾರೇಜಿಗೆ ಹೋಗುತ್ತೇನೆ ಎಂದು ಅವನು ಹೇಳಿದ್ದು ಸೋಮಾರಿತನದಿಂದ ಅಲ್ಲ. ತಾನು ಚೆನ್ನಾಗಿ ಮಾಡಬಲ್ಲ ಕೆಲಸಕ್ಕೆ ಹೋಗುವ ದಾರಿ ಅವನಿಗೆ ಅದೊಂದೇ ಕಂಡಿದೆ. ಬೇರೆ ದಾರಿ ಇದೆ ಎಂದು ನಾವು ತೋರಿಸಿಲ್ಲ.

ಇಲ್ಲಿಯೇ ಆ ಸರಕು ಹಡಗುಗಳು ನನಗೆ ಉತ್ತರ ಹೇಳಿದವು. ಸರಕು ಹಡಗಿಗೆ ಹೊಸ ಹೆಸರು ಬರೆದ ಮಾತ್ರಕ್ಕೆ ಅದು ದುರಸ್ತಿ ಹಡಗಾಗಲಿಲ್ಲ. ಅದನ್ನು ಯಾರ್ಡಿಗೆ ತಂದು, ಹೊಟ್ಟೆಯೊಳಗೆ ಅಂತಸ್ತು ಹಾಕಿ, ಯಂತ್ರ ಕೂರಿಸಿ, ಕರೆಂಟಿನ ವ್ಯವಸ್ಥೆ ಮಾಡಿ, ತರಬೇತಿ ಪಡೆದ ಜನರನ್ನು ಹತ್ತಿಸಿದರು. ಅದಕ್ಕೆ ಸಮಯ ಹಿಡಿಯಿತು, ದುಡ್ಡು ಹಿಡಿಯಿತು. ಹಾಗೆಂದು ಹಡಗಿನ ಮೂಲಗುಣವನ್ನು ಕಿತ್ತುಹಾಕಲಿಲ್ಲ. ಅದರ ಅಗಲವಾದ ಹೊಟ್ಟೆ, ಗಟ್ಟಿ ಮೈ, ಕ್ರೇನು ಎಲ್ಲವನ್ನೂ ಉಳಿಸಿಕೊಂಡೇ ಮುಂದಿನ ಕೆಲಸಕ್ಕೆ ಸಜ್ಜು ಮಾಡಿದರು. ನನ್ನ ತಮ್ಮನಂಥ ಹುಡುಗರಿಗೆ ನಾವು ಮಾಡಬೇಕಾದ್ದು ಇದನ್ನೇ. ಇರುವ ಗುಣವನ್ನು ಉಳಿಸಿಕೊಂಡು ಅದರ ಮೇಲೆ ಓದು ಕಟ್ಟಬೇಕು. ನಾವು ಮಾಡುತ್ತಿರುವುದು ಎರಡೇ: ಇಲ್ಲವೇ ಗುಣವನ್ನು ಕಿತ್ತುಹಾಕಿ ಬಲವಂತವಾಗಿ ಡಾಕ್ಟರ್, ಎಂಜಿನಿಯರ್ ಎನ್ನುತ್ತೇವೆ. ಇಲ್ಲವೇ ಓದನ್ನು ಕಿತ್ತುಹಾಕಿ ಹದಿನೈದಕ್ಕೇ ಸ್ಪ್ಯಾನರ್ ಕೊಡುತ್ತೇವೆ.

ದಾರಿಗಳು ಇವೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಐಟಿಐ ಇದೆ, ಮೂರು ವರ್ಷದ ಡಿಪ್ಲೊಮಾ ಇದೆ. ಎರಡು ವರ್ಷದ ಐಟಿಐ ಮುಗಿಸಿದವರು ಅಥವಾ ವಿಜ್ಞಾನದಲ್ಲಿ ಪಿಯುಸಿ ಪಾಸಾದವರು ಡಿಪ್ಲೊಮಾದ ಎರಡನೇ ವರ್ಷಕ್ಕೇ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಅಂದರೆ ಗ್ಯಾರೇಜಿನ ಹುಡುಗ ಎಂಜಿನಿಯರ್ ಆಗಲು ಎಲ್ಲೂ ಬಾಗಿಲು ಮುಚ್ಚಿಲ್ಲ. ದಾರಿ ಸ್ವಲ್ಪ ಸುತ್ತು, ಅಷ್ಟೇ.

ಮತ್ತೆ ಹಡಗಿನ ಮಾತಿಗೆ ಬಂದರೆ, ಧಾರಿಣಿಯ ಕೆಲಸ ಇವತ್ತು ನಮ್ಮ ರಾಜ್ಯದ ದಡದಲ್ಲೇ ನಡೆಯುತ್ತಿದೆ. ಕಾರವಾರದ ನೌಕಾನೆಲೆ ಐಎನ್‌ಎಸ್ ಕದಂಬ 2005ರ ಮೇ 31ರಂದು ಸೇವೆಗೆ ಸೇರಿತು. ಅಲ್ಲಿ ಹಡಗುಗಳನ್ನು ನೀರಿನಿಂದ ಮೇಲೆತ್ತುವ ಲಿಫ್ಟ್ ಇದೆ. 10,000 ಟನ್ ಭಾರದ ಹಡಗನ್ನು ಎತ್ತಿ ಒಣನೆಲಕ್ಕೆ ತಂದು ರಿಪೇರಿ ಮಾಡುತ್ತಾರೆ. ಅಲ್ಲಿನ ನೌಕಾ ಹಡಗು ದುರಸ್ತಿ ಯಾರ್ಡು ಐಟಿಐ ಮುಗಿಸಿದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್, ಡೀಸೆಲ್ ಮೆಕ್ಯಾನಿಕ್ ಎಲ್ಲರಿಗೂ ಅವಕಾಶ ಇದೆ, ಕಲಿಯುವಾಗ ಸ್ಟೈಪೆಂಡ್ ಕೂಡ ಇದೆ. ವಯಸ್ಸು, ಅಂಕದ ನಿಯಮಗಳನ್ನು ಆಯಾ ವರ್ಷದ ಅಧಿಕೃತ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ನಮ್ಮ ಚಾಮರಾಜನಗರ ಜಿಲ್ಲೆಯ ಎಷ್ಟು ಮಕ್ಕಳಿಗೆ ಇದು ಗೊತ್ತು? ನನಗೂ ಭಾಷಣಕ್ಕೆ ಓದಿಕೊಳ್ಳುವವರೆಗೆ ಗೊತ್ತಿರಲಿಲ್ಲ. ನಮ್ಮೂರಿನಿಂದ ಸಮುದ್ರ ಬಹಳ ದೂರ. ಹಾಗಾಗಿ ಹಡಗಿನ ಕೆಲಸ ನಮ್ಮದಲ್ಲ ಎಂದುಕೊಂಡಿದ್ದೇವೆ. ಲಾರಿಯ ಡೀಸೆಲ್ ಎಂಜಿನ್ ಬಲ್ಲವನಿಗೆ ಹಡಗಿನ ಡೀಸೆಲ್ ಎಂಜಿನ್ ಪೂರ್ತಿ ಅಪರಿಚಿತವೇನಲ್ಲ.

ಇದನ್ನೆಲ್ಲ ಬರೆದ ಮೇಲೆ ನಮ್ಮ ಕಾಲೇಜಿಗೆ ಮೂರು ವಿನಂತಿ. ಪ್ರಾಂಶುಪಾಲರು ಮತ್ತು ಉಪನ್ಯಾಸಕರು ಇದನ್ನು ದೂರು ಎಂದು ತಿಳಿಯದೆ ಮಗಳ ಮಾತು ಎಂದು ಓದಬೇಕು.

ಒಂದು. ಪ್ರತಿವರ್ಷ ನಡೆಯುವ ಮಾರ್ಗದರ್ಶನ ಕಾರ್ಯಕ್ರಮದಲ್ಲಿ ನೀಟ್, ಸಿಇಟಿ, ಸಿಎ ಬಗ್ಗೆ ಹೇಳುತ್ತಾರೆ. ಅದರ ಜೊತೆ ಐಟಿಐ, ಡಿಪ್ಲೊಮಾ, ಅಪ್ರೆಂಟಿಸ್ ಬಗ್ಗೆಯೂ ಅರ್ಧ ಗಂಟೆ ಇರಲಿ. ಹತ್ತಿರದ ಪ್ರೌಢಶಾಲೆಗಳ ಹತ್ತನೇ ತರಗತಿಯ ಮಕ್ಕಳನ್ನೂ ಕರೆಯಲಿ. ಆ ವಯಸ್ಸಿನಲ್ಲೇ ಅವರು ಓದು ಬಿಡುವುದು.

ಎರಡು. ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಕೆಟ್ಟ ವೋಲ್ಟ್‌ಮೀಟರುಗಳು, ತಂತಿ ಕಿತ್ತ ಉಪಕರಣಗಳು ಧೂಳು ಹಿಡಿದು ಕೂತಿವೆ. ಕೊನೆಯ ಕೋಣೆಯಲ್ಲಿ ಕಾಲು ಮುರಿದ ಬೆಂಚುಗಳಿವೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ನಾವೇ ಅವನ್ನು ಸರಿಮಾಡಲು ಕೂರೋಣ. ಕಲಿಸಲು ದೂರದಿಂದ ಯಾರೂ ಬರಬೇಕಿಲ್ಲ. ನಮ್ಮ ತಂದೆಯರಲ್ಲೇ ಎಷ್ಟೋ ಜನ ಬಲ್ಲವರಿದ್ದಾರೆ. ಕಾಲೇಜಿನವರು ಅವರನ್ನು ಅತಿಥಿ ಎಂದು ಕರೆದು ಕುರ್ಚಿ ಹಾಕಿ ಕೂರಿಸಿದರೆ ಅದೇ ದೊಡ್ಡ ಪಾಠ. ಹುಡುಗಿಯರನ್ನೂ ಸೇರಿಸಿಕೊಳ್ಳಬೇಕು. ನಾನು ಕ್ಲಚ್ ಪ್ಲೇಟು ಬದಲಾಯಿಸಿಲ್ಲ, ಆದರೆ ಮನೆಯ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಸರಿಮಾಡುವುದು ನಾನೇ.

ಮೂರು. ವಾರ್ಷಿಕೋತ್ಸವದಲ್ಲಿ ರ‍್ಯಾಂಕ್ ಬಂದವರಿಗೆ ಶಾಲು ಹೊದಿಸುತ್ತೇವೆ. ಹೊದಿಸಬೇಕು, ಅವರ ಶ್ರಮ ಸಣ್ಣದಲ್ಲ. ಹಾಗೆಯೇ ನಮ್ಮಲ್ಲಿ ಓದಿ ಐಟಿಐ, ಡಿಪ್ಲೊಮಾ ಹಿಡಿದು ಕೆಲಸಕ್ಕೆ ನಿಂತ ಹಳೆಯ ವಿದ್ಯಾರ್ಥಿಯೊಬ್ಬರನ್ನು ಅದೇ ವೇದಿಕೆಗೆ ಕರೆಯಿರಿ. ಯುದ್ಧ ಹಡಗಿನ ಪಟ್ಟಿಯಲ್ಲಿ ದುರಸ್ತಿ ಹಡಗಿಗೂ ಒಂದು ಗುಂಪು ಇತ್ತಲ್ಲ, ಹಾಗೆ.

ವಿದ್ಯಾರ್ಥಿಗಳಿಗೆ ನನ್ನ ವಿನಂತಿ ಇನ್ನೂ ಚಿಕ್ಕದು. ಪಂಕ್ಚರ್ ಎಂದು ನಗುವುದನ್ನು ಬಿಡೋಣ. ರಾತ್ರಿ ಹತ್ತು ಗಂಟೆಗೆ ಬೇಗೂರು ರಸ್ತೆಯಲ್ಲಿ ಗಾಡಿ ಪಂಕ್ಚರ್ ಆದಾಗ, ಅಂಗಡಿ ತೆರೆದು ಕೂತವನನ್ನು ನೋಡಿ ಯಾರೂ ನಗುವುದಿಲ್ಲ.

ಸ್ಪರ್ಧೆಯಲ್ಲಿ ನನಗೆ ಬಹುಮಾನ ಬರಲಿಲ್ಲ. ಆದರೆ ಭಾಷಣಕ್ಕೆಂದು ಬರೆದುಕೊಂಡ ಹಾಳೆ ತಮ್ಮನ ಕೈಗೆ ಸಿಕ್ಕಿತು. ವೆಸ್ಟಲ್ ಬಗ್ಗೆ ಎರಡು ಸಲ ಓದಿದ. ಆಮೇಲೆ "ಆ ಹಡಗಲ್ಲಿ ಲೇತ್ ಇತ್ತು ಅಂದ್ಯಲ್ಲ ಆಪಾ, ಅಲೆ ಬಂದು ಹಡಗು ಅಲ್ಲಾಡುವಾಗ ಲೇತ್ ಹೇಗೆ ಓಡಿಸ್ತಿದ್ರು?" ಎಂದು ಕೇಳಿದ. ನನಗೆ ಸರಿಯಾಗಿ ಉತ್ತರ ಹೇಳಲು ಬರಲಿಲ್ಲ. ಅಬ್ಬಾ ಪಕ್ಕದಲ್ಲೇ ಟೀ ಕುಡಿಯುತ್ತಿದ್ದರು. "ಓದಿದ್ರೆ ಗೊತ್ತಾಗುತ್ತೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಐಟಿಐ ಅರ್ಜಿ ಯಾವಾಗ ಬರುತ್ತದೆ ಎಂದು ನನ್ನನ್ನೇ ಕೇಳಿದರು.